ಡಸ್ಟರ್ ಕೆಲಸ: ಎಂಜಿನ್‌ಗಿಂತ ಮೊದಲು ಬ್ರೇಕು, ವೈರು, ತಗಡು

ಈ ಚಳಿಗಾಲದಲ್ಲಿ ನನ್ನ ಹಳೇ ಅಮೆರಿಕನ್ ಕಾರು ಪ್ಲಿಮತ್ ಡಸ್ಟರ್‌ನ ಕೆಲಸ ಚೆನ್ನಾಗಿ ಸಾಗಿದೆ. ಕಾಲಡಿಯ ತಗಡು ಬದಲಾಯಿಸಿ ಆಯಿತು. ವೈರಿಂಗ್ ಆಯಿತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಎಂಜಿನ್ ಮಾತ್ರ ಇನ್ನೂ ಹಾಗೇ ಇದೆ. ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್‌ನ ಜೋರು ಓಟದ ಕಾರು, ಅಂದಮೇಲೆ ಎಂಜಿನ್‌ನಿಂದಲೇ ಶುರು ಮಾಡಬೇಕಲ್ವಾ ಎಂದು ಗೆಳೆಯರು ಕೇಳುತ್ತಲೇ ಇದ್ದಾರೆ. ನನ್ನ ಲೆಕ್ಕ ಬೇರೆ. ಐವತ್ತು ವರ್ಷ ದಾಟಿದ ಕಾರು ಬ್ರೇಕ್ ಒತ್ತಿದಾಗ ನೆಟ್ಟಗೆ ನಿಲ್ಲಬೇಕು. ಡ್ಯಾಶ್‌ಬೋರ್ಡ್ ಹಿಂದೆ ಹೊಗೆ ಏಳಬಾರದು. ಮೈ ಗಟ್ಟಿ ಇರಬೇಕು. ಹಾರ್ಸ್‌ಪವರ್ ಮಾತು ಅದಾದ ಮೇಲೆ.

ಹೊಸದಾಗಿ ಓದುತ್ತಿರುವವರಿಗೆ ಕಾರಿನ ಪರಿಚಯ ಹೇಳಿಬಿಡುತ್ತೇನೆ. ಇದು 1970ರ ಪ್ಲಿಮತ್ ಡಸ್ಟರ್. ಪ್ಲಿಮತ್ ಅಂದರೆ 2001ರವರೆಗೆ ಇದ್ದ, ಕ್ರೈಸ್ಲರ್ ಕಂಪನಿಯ ಅಗ್ಗದ ಬ್ರ್ಯಾಂಡ್. ಅವರ ವೇಲಿಯಂಟ್ ಅನ್ನುವ ಸಾಧಾರಣ ಕಾರಿನ ಮುಂಭಾಗವನ್ನು ಹಾಗೇ ಇಟ್ಟುಕೊಂಡು, ಮುಂದಿನ ಗಾಜಿನಿಂದ ಹಿಂದಕ್ಕೆ ಹೊಸ ಮೈ ಕೂರಿಸಿದರು. ಖರ್ಚು ಕಡಿಮೆ, ನೋಟ ಚೆಂದ. ಮೊದಲ ವರ್ಷವೇ ಎರಡು ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು. ಅದರಲ್ಲಿ ಹೆಸರು ಮಾಡಿದ್ದು ಡಸ್ಟರ್ 340. 340 ಅಂದರೆ ಘನ ಇಂಚಿನಲ್ಲಿ ಎಂಜಿನ್ ಗಾತ್ರ. ಆ ಎಂಜಿನ್‌ಗೆ 275 ಎಚ್‌ಪಿ ಎಂದು ಕಂಪನಿ ಬರೆದಿತ್ತು. ಮುಂದೆ ಡಿಸ್ಕ್ ಬ್ರೇಕ್ ಕೂಡ ಜೊತೆಗೇ ಬರುತ್ತಿತ್ತು.

ನನ್ನದು ಅದಲ್ಲ. ನನ್ನದರಲ್ಲಿರುವುದು 318 ಎಂಜಿನ್, ಅಂದರೆ 5.2 ಲೀಟರ್‌ನ, ಎಂಟು ಸಿಲಿಂಡರ್‌ನ ವಿ8. ಎರಡು ಬ್ಯಾರೆಲ್ (ಗಾಳಿ, ಪೆಟ್ರೋಲ್ ಬೆರೆಯುವ ಎರಡು ಕೊಳವೆ) ಕಾರ್ಬ್ಯುರೇಟರ್, 230 ಎಚ್‌ಪಿ. ಆ ಕಾಲದ ಎಚ್‌ಪಿ ಅಂಕಿಯನ್ನು ಇವತ್ತಿನದಕ್ಕೆ ಹೋಲಿಸಬಾರದು. ಆಗ ಎಂಜಿನ್ ಒಂದನ್ನೇ ಸ್ಟ್ಯಾಂಡ್ ಮೇಲೆ ಕೂರಿಸಿ, ಕಾರಿನ ಸೈಲೆನ್ಸರ್, ಫ್ಯಾನು ಯಾವುದೂ ಇಲ್ಲದೆ ಅಳೆಯುತ್ತಿದ್ದರು. 1972ರಿಂದ ಎಲ್ಲವನ್ನೂ ಜೋಡಿಸಿ ಅಳೆಯುವ ಪದ್ಧತಿ ಬಂದಾಗ ಎಲ್ಲ ಕಂಪನಿಗಳ ಅಂಕಿಯೂ ಒಮ್ಮೆಲೇ ಇಳಿಯಿತು.

ಡ್ಯಾಶ್‌ಬೋರ್ಡ್ ಎಡಮೂಲೆಯಲ್ಲಿ ನಂಬರ್ ಪಟ್ಟಿ ಇದೆ. ವಿಎಲ್29ಜಿ0ಬಿ ಎಂದು ಶುರುವಾಗುತ್ತದೆ. ಐದನೆಯ ಅಕ್ಷರ ಜಿ ಅಂದರೆ 318. ಕೊನೆಯ ಬಿ ಅಂದರೆ ಹ್ಯಾಮ್‌ಟ್ರ್ಯಾಮಿಕ್ ಕಾರ್ಖಾನೆ. ಹ್ಯಾಮ್‌ಟ್ರ್ಯಾಮಿಕ್ ಬೇರೆ ಊರೇ ಆದರೂ ಡೆಟ್ರಾಯಿಟ್ ಅದನ್ನು ಸುತ್ತುವರಿದಿದೆ. ನಾನಿರುವುದೂ ಮಿಶಿಗನ್‌ನಲ್ಲೇ, ಅಲ್ಲಿಂದ ಹೆಚ್ಚು ದೂರವಲ್ಲ. ಡಾಜ್ ಮೇನ್ ಎನ್ನುತ್ತಿದ್ದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದನ್ನು ಕೆಡವಿದ ಜಾಗದಲ್ಲಿ ಜನರಲ್ ಮೋಟಾರ್ಸ್ ತನ್ನ ಕಾರ್ಖಾನೆ ಕಟ್ಟಿತು. ಈ ಕಾರು ಹುಟ್ಟಿದ ಊರಿನ ಪಕ್ಕದಲ್ಲೇ ಮತ್ತೆ ಎದ್ದು ನಿಲ್ಲುತ್ತಿದೆ ಅನ್ನುವುದು ನನಗೆ ತುಂಬಾ ಖುಷಿ ಕೊಡುವ ವಿಷಯ.

318 ಇರುವುದರಿಂದ ಒಂದು ಅನುಕೂಲವಿದೆ. ಇದು ಅಪರೂಪದ ಕಾರಲ್ಲ. ಪ್ಲಿಮತ್‌ನದೇ ಬಲು ಅಪರೂಪದ 1970ರ ಹೆಮಿ ಕುಡಾ ಇದ್ದಿದ್ದರೆ ಒಂದು ಬೋಲ್ಟ್ ಬದಲಾಯಿಸಲೂ ಹೆದರಬೇಕಿತ್ತು. ಇಲ್ಲಿ ಆ ಹೆದರಿಕೆ ಇಲ್ಲ. ಆದರೂ ಬಿಚ್ಚಿದ ಪ್ರತಿ ಭಾಗವನ್ನೂ ಚೀಟಿ ಅಂಟಿಸಿ ಡಬ್ಬದಲ್ಲಿ ಇಡುತ್ತಿದ್ದೇನೆ. ಮುಂದೆ ಯಾರಾದರೂ ಹಳೇ ರೂಪಕ್ಕೆ ತರಬೇಕೆಂದರೆ ಎಲ್ಲವೂ ಇರಲಿ. ಇನ್ನೊಂದು ಮಾತು: 340ರ ಪಟ್ಟೆ, 340ರ ಬ್ಯಾಡ್ಜ್ ಹಾಕಿಸು ಎಂದು ಹಲವರು ಹೇಳಿದ್ದಾರೆ. ಹಾಕುವುದಿಲ್ಲ. ಇದು 318 ಡಸ್ಟರ್, ಹಾಗೆಂದೇ ಎಲ್ಲರಿಗೂ ಕಾಣಬೇಕು.

ನವೆಂಬರ್, ಡಿಸೆಂಬರ್: ತಗಡು

ಮಿಶಿಗನ್ ರಸ್ತೆಗೆ ಚಳಿಗಾಲದಲ್ಲಿ ಉಪ್ಪು ಸುರಿಯುತ್ತಾರೆ. ಹಿಮ ಕರಗಲಿ ಎಂದು. ಆ ಉಪ್ಪುನೀರು ಕಾರಿನ ಹೊಟ್ಟೆಗೆ ಹತ್ತಿ ತಗಡನ್ನು ತಿನ್ನುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ನನ್ನ ಕಾರಿನ ನೆಲ ಕೊಳೆತದ್ದು ಕೆಳಗಿನಿಂದಲ್ಲ, ಮೇಲಿನಿಂದ.

ಮುಂದಿನ ಗಾಜಿನ ಬುಡದಲ್ಲಿ ಜಾಲರಿ ಇರುತ್ತದೆ, ನೋಡಿರಬಹುದು. ಒಳಗೆ ಗಾಳಿ ಬರುವ ದಾರಿ ಅದು. ಮಳೆನೀರೂ ಅದರೊಳಗೆ ಬೀಳುತ್ತದೆ. ಕೆಳಗೆ ಮುಚ್ಚಿದ ಕಾಲುವೆಯಂಥ ಒಂದು ಪೆಟ್ಟಿಗೆ ಇದ್ದು, ನೀರು ಎರಡೂ ಪಕ್ಕದಿಂದ ಹೊರಗೆ ಹರಿದುಹೋಗಬೇಕು. ಮರದ ಎಲೆ ಬಿದ್ದು ಕೊಳೆತರೆ ದಾರಿ ಕಟ್ಟಿಕೊಳ್ಳುತ್ತದೆ. ನಿಂತ ನೀರಿನಿಂದ ಪೆಟ್ಟಿಗೆ ತುಕ್ಕು ಹಿಡಿದು ತೂತಾಗುತ್ತದೆ. ಆಮೇಲೆ ಪ್ರತಿ ಮಳೆಗೂ ನೀರು ನೇರವಾಗಿ ಡ್ರೈವರ್ ಕಾಲಬಳಿಯ ಕಾರ್ಪೆಟ್‌ಗೆ. ಒದ್ದೆ ಕಾರ್ಪೆಟ್ ಕೆಳಗೆ ತಗಡು ಎಷ್ಟು ವರ್ಷ ಬಾಳುತ್ತದೆ?

ಹಾಗಾಗಿ ಹೊಸ ನೆಲ ಹಾಕುವ ಮೊದಲು ಪೈಪಿನಿಂದ ಜಾಲರಿಗೆ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ಕೂತೆ. ಎಡಗಡೆಯ ಗಾಳಿಕಿಂಡಿಯ ಸುತ್ತ ಹನಿ ಕಂಡಿತು. ಅದನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ಸೀಲರ್ ಬಳಿದು, ಮತ್ತೆ ನೀರು ಬಿಟ್ಟು ಒಣಗಿರುವುದನ್ನು ಖಚಿತ ಮಾಡಿಕೊಂಡ ಮೇಲೆಯೇ ನೆಲಕ್ಕೆ ಇಳಿದದ್ದು. ಹಳೇ ಕಾರು ಕೊಳ್ಳುವವರಿಗೆ ನನ್ನ ಮಾತು: ನೆಲ ಹೊಸದಾಗಿ ಹೊಳೆಯುತ್ತಿದ್ದರೆ, ಈ ಪೆಟ್ಟಿಗೆಯನ್ನು ಸರಿ ಮಾಡಿದ್ದಾರಾ ಎಂದು ಮೊದಲು ಕೇಳಿ.

ನೆಲಕ್ಕೆ 18 ಗೇಜ್ ತಗಡು ಬಳಸಿದೆ. ಹಳೆಯ ಸ್ಪಾಟ್ ವೆಲ್ಡ್‌ಗಳನ್ನು ಅದಕ್ಕೆಂದೇ ಇರುವ ಕಟರ್‌ನಿಂದ ಬಿಡಿಸಿ, ಹೊಸ ತಗಡಿನಲ್ಲಿ ತೂತು ಕೊರೆದು, ಆ ತೂತುಗಳನ್ನು ಮಿಗ್ ವೆಲ್ಡರ್‌ನಿಂದ ತುಂಬುತ್ತಾ ಹೋದೆ. ಒಂದೇ ಕಡೆ ಗೆರೆ ಎಳೆದಂತೆ ಬೆಸೆದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ತಣ್ಣಗಾಗಲು ಬಿಟ್ಟು ಮುಂದುವರಿಯಬೇಕು. ನಿಧಾನದ ಕೆಲಸ, ಆದರೆ ಕೈಗೆ ಹಿತ.

ಹಿಂದಿನ ಮಡ್ಗಾರ್ಡ್ ಬದಿಯಲ್ಲಿ ಯಾರೋ ಕೈ ದಪ್ಪ ಪುಟ್ಟಿ ಮೆತ್ತಿದ್ದರು. ಅದರ ಒಳಗೆ ತಗಡೇ ಇರಲಿಲ್ಲ. ಅದು ಬರುವ ವರ್ಷದ ಕೆಲಸ.

ನೆಲ ತೆರೆದಿದ್ದಾಗಲೇ ಇನ್ನೊಂದನ್ನು ಸೇರಿಸಿದೆ. ಈ ಕಾರಿಗೆ ಲಾರಿಯಂತೆ ಉದ್ದಕ್ಕೂ ಚಾಸಿ ಇಲ್ಲ. ಮುಂದೆ ಒಂದು ಜೋಡಿ ತೊಲೆ, ಹಿಂದೆ ಒಂದು ಜೋಡಿ. ನಡುವೆ ಬರೀ ತಗಡು. ಅವೆರಡನ್ನು ಚೌಕ ಪೈಪಿನಿಂದ ಸೇರಿಸಿ ಬೆಸೆದರೆ ಮೈ ಹೊರಳುವುದು ತುಂಬಾ ಕಡಿಮೆಯಾಗುತ್ತದೆ. ಬೆಸೆಯುವಾಗ ಕಾರಿನ ಭಾರ ಚಕ್ರಗಳ ಮೇಲೇ ಕೂತಿರಬೇಕು. ನಡುವೆ ಜಾಕಿ ಕೊಟ್ಟು ಎತ್ತಿ ಬೆಸೆದರೆ ಬಾಗಿದ ಆಕಾರವೇ ಕಾಯಂ ಆಗುತ್ತದೆ. ಆಮೇಲೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

ಜನವರಿ: ವೈರಿಂಗ್

ಇಡೀ ಚಳಿಗಾಲದಲ್ಲಿ ನನಗೆ ಅತಿ ಮುಖ್ಯ ಅನಿಸಿದ ಕೆಲಸ ಇದು. ಹಳೇ ಕ್ರೈಸ್ಲರ್ ಕಾರು ಇಟ್ಟುಕೊಂಡವರು ಉಳಿದದ್ದನ್ನು ಬಿಟ್ಟರೂ ಇದನ್ನು ಓದಬೇಕು.

ಈ ಕಾರುಗಳಲ್ಲಿ ವೋಲ್ಟ್ ಮೀಟರ್ ಇಲ್ಲ, ಹರಿಯುವ ಕರೆಂಟನ್ನು ಅಳೆಯುವ ಆಮೀಟರ್ ಇದೆ. ಸ್ಟಾರ್ಟರ್ ಮೋಟಾರಿನದೊಂದು ಬಿಟ್ಟು, ಬ್ಯಾಟರಿಗೆ ಹೋಗುವ, ಬ್ಯಾಟರಿಯಿಂದ ಬರುವ ಕರೆಂಟು ಪೂರ್ತಿ ಅದರೊಳಗೇ ಹಾಯಬೇಕು. ದಾರಿ ಹೀಗಿದೆ. ಕರೆಂಟು ತಯಾರಿಸುವ ಆಲ್ಟರ್ನೇಟರ್‌ನಿಂದ ಕಪ್ಪು ದಪ್ಪ ವೈರು ಹೊರಟು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿರುವ ಪ್ಲಾಸ್ಟಿಕ್ ಕನೆಕ್ಟರ್ ಮೂಲಕ ಒಳಗೆ ಬರುತ್ತದೆ. ಅಲ್ಲಿ ಒಂದು ಬೆಸುಗೆಯ ಗಂಟು. ಆ ಗಂಟಿನಿಂದಲೇ ಲೈಟು, ಇಗ್ನಿಷನ್, ಫ್ಯೂಸ್ ಪೆಟ್ಟಿಗೆ ಎಲ್ಲಕ್ಕೂ ಕರೆಂಟು. ಮುಂದೆ ಆಮೀಟರ್. ಅದರಿಂದ ಕೆಂಪು ವೈರು ಮತ್ತೆ ಅದೇ ಕನೆಕ್ಟರ್ ಮೂಲಕ ಹೊರಗೆ ಹೋಗಿ ಬ್ಯಾಟರಿ ಸೇರುತ್ತದೆ.

ಕನೆಕ್ಟರ್ ಹೊಸದಾಗಿದ್ದಾಗ ಇದರಿಂದ ತೊಂದರೆ ಇಲ್ಲ. ಆದರೆ ಆ ಚಪ್ಪಟೆ ಪಿನ್‌ಗಳಿಗೆ ಐವತ್ತು ವರ್ಷದ ಕಿಲುಬು ಹಿಡಿದಾಗ ರೆಸಿಸ್ಟೆನ್ಸ್ ಏರುತ್ತದೆ. ರೆಸಿಸ್ಟೆನ್ಸ್ ಇದ್ದಲ್ಲಿ ಕರೆಂಟು ಹರಿದರೆ ಶಾಖ. ಶಾಖಕ್ಕೆ ಪಿನ್ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನಷ್ಟು ಶಾಖ. ನನ್ನ ಕನೆಕ್ಟರ್ ಬಿಚ್ಚಿದಾಗ ಕಪ್ಪು ವೈರಿನ ಪಿನ್ ಸುತ್ತ ಪ್ಲಾಸ್ಟಿಕ್ ಕರಗಿ ಕಂದುಬಣ್ಣಕ್ಕೆ ತಿರುಗಿತ್ತು.

ಇಂಥ ಕಾರಿಗೆ ದೊಡ್ಡ ಆಲ್ಟರ್ನೇಟರ್ ಹಾಕಿ, ವೈರನ್ನು ಹಾಗೇ ಬಿಡುವುದು ತುಂಬಾ ಅಪಾಯ. ಬ್ಯಾಟರಿ ಇಳಿದಿದ್ದರೆ ಆ ಜಾಸ್ತಿ ಕರೆಂಟೆಲ್ಲ ಇದೇ ಪಿನ್‌ಗಳಲ್ಲಿ, ಇದೇ ಆಮೀಟರ್‌ನಲ್ಲಿ ಹಾದುಹೋಗುತ್ತದೆ.

ನಾನು ಮಾಡಿದ್ದು ಇಷ್ಟು. ಕಪ್ಪು, ಕೆಂಪು ಎರಡೂ ದಪ್ಪ ವೈರುಗಳನ್ನು ಕನೆಕ್ಟರ್‌ನಿಂದ ಬಿಡಿಸಿ, ಗೋಡೆಯಲ್ಲಿ ರಬ್ಬರ್ ಬುಷ್ ಹಾಕಿ, ತುಂಡಾಗದ ಹೊಸ ವೈರನ್ನು ನೇರವಾಗಿ ಹಾಯಿಸಿದೆ. ಆಮೀಟರ್ ಬಳಿ ಎರಡನ್ನೂ ಒಂದೇ ಸ್ಟಡ್‌ಗೆ ಬಿಗಿದು ಇನ್ಸುಲೇಟ್ ಮಾಡಿದೆ. ಆಲ್ಟರ್ನೇಟರ್‌ನಿಂದ ಸ್ಟಾರ್ಟರ್ ರಿಲೇವರೆಗೆ ಬೇರೆಯೇ ಒಂದು ದಪ್ಪ ವೈರು ಎಳೆದು, ಅದಕ್ಕೆ ಫ್ಯೂಸಿಬಲ್ ಲಿಂಕ್ ಹಾಕಿದೆ. ಆ ಲಿಂಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಎಲ್ಲಾದರೂ ವೈರು ಕಾರಿನ ಮೈಗೆ ತಾಗಿದರೆ ಮೊದಲು ಕರಗಬೇಕಾದದ್ದು ಅದೇ. ಆಮೀಟರ್ ಮುಳ್ಳು ಈಗ ನಡುವೆ ಸುಮ್ನೆ ನಿಂತಿದೆ. ಡ್ಯಾಶ್‌ಬೋರ್ಡ್ ಕೆಳಗೆ ಕಾಣದಂತೆ ಒಂದು ಸಣ್ಣ ವೋಲ್ಟ್ ಮೀಟರ್ ಇಟ್ಟಿದ್ದೇನೆ.

ಆಮೇಲೆ ಹೆಡ್‌ಲೈಟ್. ಹಳೆಯ ವ್ಯವಸ್ಥೆಯಲ್ಲಿ ಅದರ ಕರೆಂಟು ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ಬಂದು, ಕಾಲಿನಿಂದ ಒತ್ತುವ ಡಿಮ್ಮರ್‌ಗೆ ಹೋಗಿ, ಮತ್ತೆ ಅದೇ ಕನೆಕ್ಟರ್ ದಾಟಿ ಬಲ್ಬಿಗೆ ಮುಟ್ಟುತ್ತದೆ. ಆಲ್ಟರ್ನೇಟರ್ ಬಳಿ 14.1 ವೋಲ್ಟ್ ಇದ್ದರೆ ಬಲ್ಬಿನ ಬಳಿ 11.8 ಸಿಗುತ್ತಿತ್ತು. ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಹಾಕಿದೆ. ಈಗ ಹಳೇ ಸ್ವಿಚ್ಚು ರಿಲೇಯನ್ನು ಎಬ್ಬಿಸುತ್ತದೆ ಅಷ್ಟೇ. ಬಲ್ಬಿನ ಕರೆಂಟು ಎಂಜಿನ್ ಕೋಣೆಯಲ್ಲೇ ಉಳಿಯುತ್ತದೆ. ಅದೇ ಬಲ್ಬಿಗೆ ಈಗ 13.7 ವೋಲ್ಟ್. ಬೆಳಕಿನ ವ್ಯತ್ಯಾಸ ರಸ್ತೆ ಮೇಲೆ ಎದ್ದು ಕಾಣುತ್ತದೆ.

ರಿಲೇಗೆ ಕರೆಂಟನ್ನು ಆಲ್ಟರ್ನೇಟರ್ ಸ್ಟಡ್‌ನಿಂದ ತೆಗೆದುಕೊಳ್ಳಿ. ಹಳೇ ಆಮೀಟರ್ ಹಾಗೇ ಇರುವ ಕಾರಿನಲ್ಲಂತೂ ಬ್ಯಾಟರಿಯಿಂದ ತೆಗೆಯಲೇಬೇಡಿ. ತೆಗೆದರೆ ಲೈಟಿನ ಕರೆಂಟೆಲ್ಲ ಒಳಗೆ ಬಂದು, ಆಮೀಟರ್ ದಾಟಿ, ಬ್ಯಾಟರಿ ಮುಟ್ಟಿ, ಆಮೇಲೆ ಬಲ್ಬಿಗೆ ಹೋಗುತ್ತದೆ. ಕನೆಕ್ಟರ್ ಉಳಿಸಲು ಹೋಗಿ ಅದರ ಮೇಲೆ ಇನ್ನಷ್ಟು ಹೊರೆ ಹೊರಿಸಿದಂತೆ.

ಫೆಬ್ರವರಿ, ಮಾರ್ಚ್: ಬ್ರೇಕ್

ನಾಲ್ಕೂ ಚಕ್ರಕ್ಕೆ 10 ಇಂಚಿನ ಡ್ರಮ್ ಇತ್ತು. ಮೊದಲ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದರೆ ಡ್ರಮ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇವತ್ತಿನ ಹೈವೇಯಲ್ಲಿ ಮುಂದಿರುವ ಕಾರು ಥಟ್ಟನೆ ನಿಲ್ಲುವಾಗ ಅದು ಸಾಲದು.

ಅದೃಷ್ಟಕ್ಕೆ ಕ್ರೈಸ್ಲರ್‌ನ ಸಣ್ಣ ಕಾರುಗಳೆಲ್ಲ ಒಂದೇ ಕುಟುಂಬ. 1973ರಿಂದ 1976ರವರೆಗಿನ ಡಸ್ಟರ್, ಡಾರ್ಟ್, ವೇಲಿಯಂಟ್‌ಗಳ ಡಿಸ್ಕ್ ಬ್ರೇಕ್ ನನ್ನ ಕಾರಿಗೆ ಬೋಲ್ಟ್ ಹಾಕಿ ಕೂರಿಸಬಹುದು. ಸ್ಪಿಂಡಲ್, ರೋಟರ್ (ತಿರುಗುವ ಡಿಸ್ಕ್), ಕ್ಯಾಲಿಪರ್ (ಅದನ್ನು ಪ್ಯಾಡ್‌ನಿಂದ ಹಿಡಿಯುವ ಭಾಗ) ತೆಗೆದುಕೊಂಡರೆ ಸಾಲದು, ಚಕ್ರವನ್ನು ಕಾರಿಗೆ ಜೋಡಿಸುವ ಮೇಲಿನ ಕಂಟ್ರೋಲ್ ಆರ್ಮ್ ಕೂಡ ಬೇಕು. 1973ರಿಂದ ಮೇಲಿನ ಬಾಲ್ ಜಾಯಿಂಟ್ ದಪ್ಪವಾಯಿತು, ಹಳೇ ಆರ್ಮ್‌ಗೆ ಅದು ಕೂರುವುದಿಲ್ಲ.

ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಬದಲಾಗಬೇಕು. ಡ್ರಮ್‌ಗೆಂದು ಮಾಡಿದ್ದರಲ್ಲಿ ಲೈನಿನೊಳಗೆ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಡಿಸ್ಕ್ ಲೈನಿನಲ್ಲಿ ಆ ಒತ್ತಡ ಉಳಿದರೆ ಪ್ಯಾಡ್ ರೋಟರ್‌ಗೆ ಉಜ್ಜುತ್ತಲೇ ಇರುತ್ತದೆ. ಹಿಂದಿನ ಡ್ರಮ್ ಬೇಗ ಲಾಕ್ ಆಗದಂತೆ ಪ್ರಪೋರ್ಷನಿಂಗ್ ವಾಲ್ವ್ ಕೂಡ ಹಾಕಿದೆ. ಪೈಪುಗಳನ್ನೆಲ್ಲ ತಾಮ್ರ-ನಿಕ್ಕಲ್ ಮಿಶ್ರಲೋಹದ್ದಕ್ಕೆ ಬದಲಾಯಿಸಿದೆ. ಉಪ್ಪಿಗೆ ಅದು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ. ತುದಿಗೆ ಮಾತ್ರ ಡಬಲ್ ಫ್ಲೇರ್, ಅಂದರೆ ಅಂಚನ್ನು ಅಗಲಿಸಿ ಎರಡು ಪದರ ಮಡಿಸುವುದು, ಆಗಲೇಬೇಕು.

ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆಯುವಾಗ ಮಗಳು ಸೀಟಿನಲ್ಲಿ ಕೂತು ಪೆಡಲ್ ಒತ್ತಿದಳು. ನಾನು ಕೆಳಗೆ ನಿಪ್ಪಲ್ ಬಿಚ್ಚಿ ಮುಚ್ಚುತ್ತಿದ್ದೆ. ‘ಅಪ್ಪಾ, ಈಗ ಕಲ್ಲಿನ ಥರ ಗಟ್ಟಿ ಆಯ್ತು’ ಎಂದು ಅವಳು ಕೂಗಿದಾಗ ಆದ ಸಂತೋಷ ಇಷ್ಟಿಷ್ಟಲ್ಲ.

ಒಂದು ತೊಡಕು ಉಳಿದಿದೆ. ಹೊಸ ರೋಟರ್‌ನ ಐದು ಸ್ಟಡ್‌ಗಳ ಸುತ್ತು 4.5 ಇಂಚು. ಹಿಂದಿನ ಆಕ್ಸಲ್‌ನದು 4 ಇಂಚು. ಅಂದರೆ ಮುಂದಿನ ಚಕ್ರ ಹಿಂದಕ್ಕೆ ಕೂರುವುದಿಲ್ಲ, ಸ್ಟೆಪ್ನಿ ಎರಡು ಬೇಕು. ಜೊತೆಗೆ ಎಡಗಡೆಯ ಹಿಂದಿನ ಚಕ್ರದ ನಟ್ಟುಗಳಿಗೆ ಎಡಮರೆ, ಎಂದರೆ ತಿರುಗಾಮುರುಗಾ ತಿರುವು. ಗೊತ್ತಿಲ್ಲದ ಪಂಕ್ಚರ್ ಅಂಗಡಿಯವರು ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಸ್ಟಡ್ ಮುರಿಯುತ್ತಾರೆ. ಅದಕ್ಕೇ ಆ ಡ್ರಮ್ ಮೇಲೆ ಬಿಳಿ ಬಣ್ಣದಲ್ಲಿ ಬಾಣ ಬರೆದಿದ್ದೇನೆ.

ಮುಂದೆ

ಹಿಂದಿನ ಆಕ್ಸಲ್ ಮೊದಲು. 1973ರ ನಂತರದ ವಿ8 ಡಸ್ಟರ್‌ಗಳ ಎಂಟೂಕಾಲು ಇಂಚಿನ (ಅದು ಒಳಗಿನ ದೊಡ್ಡ ಗಿಯರಿನ ಅಳತೆ) ಆಕ್ಸಲ್ ಸಿಕ್ಕರೆ ಸ್ಟಡ್ ತೊಡಕೂ ಮುಗಿಯುತ್ತದೆ, ಎಡಮರೆ ನಟ್ಟೂ ಹೋಗುತ್ತದೆ. ಗುಜರಿಗಳಲ್ಲಿ ಹುಡುಕುತ್ತಿದ್ದೇನೆ.

ಆಮೇಲೆ ಇಗ್ನಿಷನ್. ಈಗಿರುವುದು ಪಾಯಿಂಟ್, ಅಂದರೆ ತೆರೆದು ಮುಚ್ಚುವ ಲೋಹದ ತುದಿಗಳಿಂದ ಕಿಡಿ ಹೊತ್ತಿಸುವ ಹಳೇ ಪದ್ಧತಿ. ಕ್ರೈಸ್ಲರ್ 1973ರಿಂದ ಎಲ್ಲ ಕಾರಿಗೂ ಕೊಟ್ಟ ಎಲೆಕ್ಟ್ರಾನಿಕ್ ಇಗ್ನಿಷನ್ ಇದಕ್ಕೆ ಸಲೀಸಾಗಿ ಕೂರುತ್ತದೆ. ಅದರ ಗ್ಯಾಪ್ ಹೊಂದಿಸಲು ಹಿತ್ತಾಳೆಯ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತರಿಸಿದ್ದೇನೆ, ಒಳಗೆ ಮ್ಯಾಗ್ನೆಟ್ ಇರುವುದರಿಂದ ಉಕ್ಕಿನದು ಅಂಟಿಕೊಳ್ಳುತ್ತದೆ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪುಗಳು ತಾಳುವುದಿಲ್ಲ, ಅವೂ ಎಲ್ಲ ಬದಲಾಗಬೇಕು.

ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್, ಅದಕ್ಕೆ ತಕ್ಕ ಇಂಟೇಕ್, ಒಳ್ಳೆಯ ಸೈಲೆನ್ಸರ್ ಇವಿಷ್ಟನ್ನು ಬರುವ ಚಳಿಗಾಲಕ್ಕೆ ಇಟ್ಟಿದ್ದೇನೆ. ಅಷ್ಟರೊಳಗೆ ಆಗಸ್ಟ್ ಮೂರನೇ ಶನಿವಾರದ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಇದನ್ನು ಓಡಿಸಿಕೊಂಡು ಹೋಗುವ ಆಸೆ. 1995ರಿಂದ ನಡೆಯುತ್ತಿರುವ ಆ ಮೆರವಣಿಗೆಯಲ್ಲಿ ಹಳೇ ಕಾರುಗಳು ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ರಸ್ತೆಯುದ್ದಕ್ಕೂ ಆಮೆಯ ವೇಗದಲ್ಲಿ ತೆವಳುತ್ತವೆ. ಬಿಸಿಲಲ್ಲಿ ಗಂಟೆಗಟ್ಟಲೆ ಹಾಗೆ ನಿಂತು ಹೊರಡುವಾಗ ರೇಡಿಯೇಟರ್ ಕುದಿಯದಿರುವುದು ಮುಖ್ಯ. ಹಾಗಾಗಿ ಈ ತಿಂಗಳು ರೇಡಿಯೇಟರ್ ಬಿಚ್ಚಿ ತೊಳೆಸಿ, ಹೊಸ ಥರ್ಮೋಸ್ಟಾಟ್ ಹಾಕಿ, ಫ್ಯಾನ್ ಸುತ್ತಲಿನ ಮುರಿದ ಕವಚವನ್ನು ಸರಿಮಾಡುತ್ತೇನೆ.

ಬಣ್ಣ ಯಾವುದು ಎಂದು ಕೇಳುವವರಿಗೆ: ಎಂಜಿನ್ ಕೋಣೆಯ ತಗಡಿನ ಚೀಟಿಯಲ್ಲಿ ಇಎಫ್8 ಎಂದಿದೆ. ಕಡು ಹಸಿರು, ಒಳಗೆ ಮಿನುಗು. ಅದನ್ನೇ ಹೊಡೆಸುತ್ತೇನೆ. ಆದರೆ ಆ ಪುಟ್ಟಿ ತೆಗೆದು ತಗಡು ಹಾಕುವವರೆಗೆ ಬೂದು ಪ್ರೈಮರ್‌ನಲ್ಲೇ ಓಡಾಡುತ್ತದೆ.