ಎಕ್ಸ್‌ಚೇಂಜ್‌ಗೆ ಕೊಡದೆ ಮಾರಿದ ಕಾರು

ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಶೋರೂಮಿನಲ್ಲಿ ನಮ್ಮ ಹಳೆಯ ಸ್ವಿಫ್ಟ್‌ಗೆ ಕಟ್ಟಿದ ಬೆಲೆ 2,80,000 ರೂಪಾಯಿ. ಹೊಸ ಕಾರು ಅಲ್ಲೇ ಕೊಂಡರೆ ಮೇಲೆ 20,000 ಎಕ್ಸ್‌ಚೇಂಜ್ ಬೋನಸ್. 2015ರ ಡೀಸೆಲ್ ಗಾಡಿ, ಫಸ್ಟ್ ಓನರ್, 92 ಸಾವಿರ ಕಿಲೋಮೀಟರ್ ಓಡಿದೆ, ಪ್ರತಿ ಸರ್ವಿಸಿನ ಬಿಲ್ಲೂ ಫೈಲಿನಲ್ಲಿದೆ. ಬೆಲೆ ಕಟ್ಟಲು ಬಂದ ಹುಡುಗ ಆ ಫೈಲು ತೆರೆದೇ ನೋಡಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ ನಾಲ್ಕು ಫೋಟೊ ಹೊಡೆದ, ಯಾರಿಗೋ ಕಳಿಸಿದ, ಅಲ್ಲಿಂದ ಬಂದ ಅಂಕಿಯನ್ನು ನಮಗೆ ಓದಿ ಹೇಳಿದ.

“ಜಿಎಸ್‌ಟಿ ಇಳದದಲ್ರೀ ಸರ್, ಹೊಸಾ ಗಾಡೀನ ಅಗ್ಗ ಆಗ್ಯಾವು. ಹಳೇದಕ್ಕ ಇದಕ್ಕಿಂತ ಹೆಚ್ಚ ಯಾರ್ ಕೊಡ್ತಾರ್ರೀ?” ಅಂದ.

ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದು, ಅದರ ಹಿಂದೆಯೇ ಹಳೆಯ ಕಾರುಗಳ ದರವೂ ಇಳಿಯಿತು. ಆದರೆ ಮಾರುತಿ ಕಂಪನಿ ಡೀಸೆಲ್ ಎಂಜಿನ್ ಕೈಬಿಟ್ಟದ್ದು 2020ರ ಏಪ್ರಿಲ್‌ನಲ್ಲಿ. ಡೀಸೆಲ್ ಸ್ವಿಫ್ಟೇ ಬೇಕು ಅನ್ನುವವನಿಗೆ ಹೊಸದು ಎಷ್ಟು ಅಗ್ಗವಾದರೇನು, ಅದು ಸಿಗುವುದೇ ಇಲ್ಲ. ದಿನಾ ದೂರ ದೂರ ಓಡಾಡುವವರು ನಮ್ಮ ಧಾರವಾಡ, ನವಲಗುಂದ, ರೋಣದ ಕಡೆ ಬೇಕಾದಷ್ಟು ಜನ ಇದ್ದಾರೆ. ನಾನೂ ಹಾಗೇ ಇದ್ದವನು. ಗದಗಿನ ಕೆಲಸ ಮುಗಿದು ಧಾರವಾಡಕ್ಕೇ ಬಂದಮೇಲೆ ನನಗೆ ಡೀಸೆಲ್ಲಿನ ಅಗತ್ಯ ಉಳಿಯಲಿಲ್ಲ, ಅಷ್ಟೇ.

ದರಕ್ಕಿಂತ ನನ್ನನ್ನು ತಡೆದದ್ದು ಇನ್ನೊಂದು. ಆ ಹುಡುಗ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಯ ಫಾರಂಗಳನ್ನು ಮುಂದಿಟ್ಟು, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು, “ಇಲ್ಲಿ ಸಹಿ ಮಾಡ್ರೀ, ಉಳದದ್ದು ನಾವು ತುಂಬಕೋತೀವಿ” ಅಂದ. ಗಾಡಿ ನಿಮ್ಮ ಹೆಸರಿಗೆ ಆಗುತ್ತದೋ ಎಂದು ಕೇಳಿದೆ. ಇಲ್ಲ, ಪಾರ್ಟಿ ಸಿಕ್ಕಾಗ ನೇರ ಪಾರ್ಟಿ ಹೆಸರಿಗೇ ಆಗುತ್ತದಂತೆ. ಪಾರ್ಟಿ ಯಾವಾಗ ಸಿಗುತ್ತದೆ? ಅದಕ್ಕೆ ಉತ್ತರವಿಲ್ಲ. ಅಲ್ಲಿಯತನಕ ಗಾಡಿ ಯಾವ ರಸ್ತೆಯಲ್ಲಿ ಓಡಿದರೂ ಆರ್‌ಸಿಯಲ್ಲಿ ಹೆಸರು ನನ್ನದೇ. ಹೀಗೆ ಕೈಯಿಂದ ಕೈಗೆ ದಾಟಿ ಹೋದ ಕಾರೊಂದರ ಅಪಘಾತದಲ್ಲಿ, ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಎಂದೋ ಮಾರಿದ ಕಾರಿನ ಸಮನ್ಸು ಮನೆಗೆ ಬಂದರೆ ಯಾರಿಗೆ ಬೇಕು ಆ ಫಜೀತಿ?

ಇದಕ್ಕೆ ಕಾನೂನು ಒಂದು ದಾರಿ ಮಾಡಿಕೊಟ್ಟಿದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಆರ್‌ಟಿಓದಿಂದ ಅಧಿಕಾರಪತ್ರ ಪಡೆದ ಡೀಲರ್ ಹಳೆಯ ಗಾಡಿ ತೆಗೆದುಕೊಂಡಾಗ 29ಸಿ ಎಂಬ ನಮೂನೆಯಲ್ಲಿ ಆನ್‌ಲೈನ್ ಮಾಹಿತಿ ಸಲ್ಲಿಕೆಯಾಗಬೇಕು. ಅದರ ಸ್ವೀಕೃತಿ ಬಂದ ಗಳಿಗೆಯಿಂದ ಗಾಡಿಯ ಹೊಣೆ ಡೀಲರ್‌ನದು. ನಿಮ್ಮ ಹತ್ತಿರ ಆ ಅಧಿಕಾರಪತ್ರ ಇದೆಯೇ ಎಂದು ಕೇಳಿದ್ದಕ್ಕೆ ಹುಡುಗ ಮ್ಯಾನೇಜರ್ ಮುಖ ನೋಡಿದ, ಮ್ಯಾನೇಜರ್ ಕಂಪ್ಯೂಟರ್ ನೋಡಿದರು. ಚಹಾ ಕುಡಿದು ಎದ್ದು ಬಂದೆ. ಹೊಸ ಕಾರನ್ನು ಆಮೇಲೆ ಬೇರೆ ಕಡೆ ಬುಕ್ ಮಾಡಿದೆ.

ಓಎಲ್‌ಎಕ್ಸ್‌ನಲ್ಲಿ ಹಾಕಿದ್ದೇ ತಡ, ಫೋನೋ ಫೋನು. ಬಹುಪಾಲು ಬ್ರೋಕರುಗಳು. ಗಾಡಿ ನೋಡುವ ಮೊದಲೇ “ಲಾಸ್ಟ್ ಎಷ್ಟ ಹೇಳ್ರೀ” ಅನ್ನುವವರೊಡನೆ ವ್ಯವಹಾರ ಕುದುರುವುದಿಲ್ಲ. ನಿಜವಾದ ಗಿರಾಕಿ ಬಂದದ್ದು ಮಾಳಮಡ್ಡಿಯ ನಮ್ಮ ಗ್ಯಾರೇಜಿನವನ ಬಾಯಿಮಾತಿನಿಂದ. ಹೆಬ್ಬಳ್ಳಿ ಕಡೆಯ ಹುಡುಗ, ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ, ದಿನಾ ಹಳ್ಳಿ ಹಳ್ಳಿ ತಿರುಗಬೇಕು. ಭಾನುವಾರ ಮುಂಜಾನೆ ಅವರ ಕಾಕಾನನ್ನೂ ಒಬ್ಬ ಮೇಸ್ತ್ರಿಯನ್ನೂ ಕರೆದುಕೊಂಡು ಬಂದ. ಬರುವ ಮೊದಲು ಫೋನಿನಲ್ಲಿ ಅವನು ಕೇಳಿಕೊಂಡದ್ದು ಒಂದೇ: “ನಾವ್ ಬರೂತನಾ ಗಾಡಿ ಚಾಲೂ ಮಾಡಬ್ಯಾಡ್ರೀ ಸರ್.”

ಮೇಸ್ತ್ರಿ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ಎಂಜಿನ್ ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಸೆಲ್ಫ್ ಹೊಡೆಸಿ ತಾನು ಹಿಂದೆ ಹೋಗಿ ಹೊಗೆ ನೋಡುತ್ತ ನಿಂತ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ತೂತಿನ ಮೇಲೆ ಕೈ ಹಿಡಿದು, ಒಳಗಿಂದ ಗಾಳಿ ಎಷ್ಟು ಜೋರಾಗಿ ನೂಕುತ್ತದೆ ನೋಡಿದ. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದೆಯೇ ಎಂದು ಉಗುರಿನಿಂದ ಕೆರೆದ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ಬೆರಳಿನಿಂದ ಸವರಿ ಎಣಿಸಿದ. ಅಪಘಾತವಾಗಿ ರಿಪೇರಿಯಾದ ಗಾಡಿಯಲ್ಲಿ ಅವು ಒಂದೇ ಅಳತೆಯಲ್ಲಿ ಇರುವುದಿಲ್ಲವಂತೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರಡಿ ತುಕ್ಕು ಹುಡುಕಿದ, ಟಯರಿನ ಮೇಲಿನ ನಾಲ್ಕು ಅಂಕಿ ಓದಿ ಯಾವ ವಾರ, ಯಾವ ವರ್ಷದ್ದು ಎಂದು ಹೇಳಿದ. ಮಡ್‌ಗಾರ್ಡಿನ ಸಂದಿಯಲ್ಲಿ ಒಣಗಿ ಕೂತಿದ್ದ ಎರೆಮಣ್ಣನ್ನು ಒಡೆದು ತೆಗೆದು, “ಗದಗ ಲೈನಿನಾಗ ಓಡಿದ ಗಾಡಿ” ಎಂದು ನಕ್ಕ. ಇಷ್ಟು ಹೊತ್ತು ಯಾರೂ ಬೆಲೆಯ ಮಾತು ಎತ್ತಲಿಲ್ಲ. ಹನ್ನೊಂದು ವರ್ಷ ಜೋಪಾನ ಮಾಡಿದ ಗಾಡಿಯನ್ನು ಒಬ್ಬರು ಹೀಗೆ ನಿಗಾ ಇಟ್ಟು ನೋಡಿದ್ದು ನನಗೆ ಖುಷಿ ಕೊಟ್ಟಿತು.

ನಾನು 3,90,000 ಹೇಳಿದೆ. ಕಾಕಾ 3,35,000 ಅಂದರು. ಸರ್ವಿಸ್ ಫೈಲು ಬಿಚ್ಚಿಟ್ಟೆ, ಕ್ಲಚ್ ಬದಲಿಸಿದ ಬಿಲ್ಲನ್ನು ಮೇಸ್ತ್ರಿ ಎರಡು ಸಲ ಓದಿದ. ಎರಡು ಟಯರ್ ಹಾಕಿಸಬೇಕು ಎಂಬುದು ಅವರ ವಾದ, ಅದು ನಿಜವೂ ಹೌದು. ನನ್ನ ಹೆಂಡತಿ ಅವಲಕ್ಕಿ ತಂದಿಟ್ಟು, “ಹೆಚ್ಚ ಎಳೀಬ್ಯಾಡ್ರೀ, ಇಬ್ಬರಿಗೂ ಬರೂಹಂಗ ಮಾಡ್ರಿ” ಅಂದಳು. 3,60,000ಕ್ಕೆ ಮುಗಿಯಿತು. ಬೋನಸ್ ಹಿಡಿದರೂ ಶೋರೂಮಿನದಕ್ಕಿಂತ 60,000 ಹೆಚ್ಚು.

ಹುಡುಗ ಅಮರಗೋಳ ಎಪಿಎಂಸಿಯಲ್ಲಿ ಹೆಸರುಕಾಳು ಮಾರಿದ ರೊಕ್ಕ ಚೀಲದಲ್ಲೇ ತಂದಿದ್ದ. ಅವತ್ತೇ ಗಾಡಿ ಒಯ್ಯುವ ಆಸೆ. ಎರಡು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ನಗದನ್ನು ಒಬ್ಬರಿಂದ ಹೀಗೆ ಪಡೆಯಲು ಆದಾಯ ತೆರಿಗೆ ಕಾಯ್ದೆ ಬಿಡುವುದಿಲ್ಲ. “ತಮ್ಮಾ, ಹತ್ತ ಸಾವಿರ ಫೋನ್‌ಪೇ ಮಾಡು. ಉಳದದ್ದು ನಾಳೆ ಬ್ಯಾಂಕಿನಿಂದ ಬರಲಿ” ಅಂದೆ. ಹುಡುಗನ ಮುಖ ಸ್ವಲ್ಪ ಸಣ್ಣದಾಯಿತು. ಕಾಕಾ ಮಾತ್ರ, “ಹೌದಪಾ, ಅವರ್ ಹೇಳೂದ ಬರೋಬರಿ ಐತಿ” ಎಂದು ಅವನನ್ನು ಎಬ್ಬಿಸಿಕೊಂಡು ಹೋದರು.

ಸೋಮವಾರ ಹಣ ಖಾತೆಗೆ ಬಿತ್ತು. ಇಬ್ಬರೂ ಕೂತು ಪರಿವಾಹನ್ ಪೋರ್ಟಲಿನಲ್ಲಿ ವರ್ಗಾವಣೆಯ ಅರ್ಜಿ ತುಂಬಿದೆವು, ಫೀ ಕಟ್ಟಿದೆವು, ಫಾರಂಗಳಲ್ಲಿ ಅವನ ಹೆಸರು ಬರೆದಮೇಲೇ ನಾನು ಸಹಿ ಹಾಕಿದೆ. ಮಾರಿದವನು ಹದಿನಾಲ್ಕು ದಿನದೊಳಗೆ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಾನು ಒಂದು ದಿನವನ್ನೂ ಬಾಕಿ ಇಡಲಿಲ್ಲ. ಬ್ಯಾಂಕಿನ ಸಾಲ ತೀರಿದಾಗಲೇ ಆರ್‌ಸಿಯಿಂದ ಎಚ್‌ಪಿ, ಅಂದರೆ ಗಾಡಿಯ ಮೇಲೆ ಬ್ಯಾಂಕಿನ ಸಾಲವಿದೆ ಎಂಬ ನಮೂದು, ತೆಗೆಸಿದ್ದರಿಂದ ಆ ರಗಳೆ ಇರಲಿಲ್ಲ. ತಾರೀಕು, ವೇಳೆ, ಮೀಟರ್ ರೀಡಿಂಗ್ ಬರೆದ ಡೆಲಿವರಿ ಚೀಟಿಗೆ ಇಬ್ಬರೂ ಸಹಿ ಮಾಡಿದಮೇಲೆ ಕೀಲಿಕೈ ಕೊಟ್ಟೆ. ಫಾಸ್ಟ್ಯಾಗ್ ಮುಚ್ಚಿಸಿದೆ. ಇನ್ಶೂರನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರವನ್ನೂ ಪಡೆದೆ. ಇದನ್ನು ಬಹಳ ಜನ ಮರೆಯುತ್ತಾರೆ. ಆ ಬೋನಸ್ಸು ಗಾಡಿಯದಲ್ಲ, ಮಾಲೀಕನದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಹೊಸ ಕಾರಿನ ಓನ್ ಡ್ಯಾಮೇಜ್, ಅಂದರೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ, ಪ್ರೀಮಿಯಮ್ಮಿನಲ್ಲಿ 50 ಪರ್ಸೆಂಟ್ ಕಡಿತ ಸಿಗುತ್ತದೆ.

ಇಷ್ಟಾದರೂ, ಗದಗಿನಲ್ಲಿರುವ ನನ್ನ ತಮ್ಮ ತನ್ನ ವ್ಯಾಗನ್‌ಆರ್ ಮಾರುವ ಬಗ್ಗೆ ಕೇಳಿದಾಗ, ಎಕ್ಸ್‌ಚೇಂಜ್‌ಗೇ ಕೊಡು ಎಂದೆ. ಅವನದು ಪೆಟ್ರೋಲ್ ಗಾಡಿ, ಹೊಸದೇ ಅಗ್ಗವಾಗಿರುವಾಗ ಹಳೆಯದಕ್ಕೆ ಹೊರಗೆ ಹೆಚ್ಚೇನೂ ಹುಟ್ಟುವುದಿಲ್ಲ. ಮೇಲಾಗಿ ಸಾಲ ಇನ್ನೂ ತೀರಿಲ್ಲ. ಬ್ಯಾಂಕಿನ ಹೆಸರಿರುವ ಆರ್‌ಸಿ ನೋಡಿ ಹೊರಗಿನ ಗಿರಾಕಿ ಹಣ ಕೊಡಲು ಹಿಂಜರಿಯುತ್ತಾನೆ, ಶೋರೂಮಿನವರಾದರೆ ಸಾಲ ತಾವೇ ಚುಕ್ತಾ ಮಾಡಿ ಉಳಿದದ್ದನ್ನು ಹೊಸ ಗಾಡಿಯ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಅಧಿಕಾರಪತ್ರ ಇರುವ ಡೀಲರ್‌ಗೇ ಕೊಡು, ಖಾಲಿ ಫಾರಂಗೆ ಸಹಿ ಹಾಕಬೇಡ ಎಂದಷ್ಟೇ ಹೇಳಿದ್ದೆ. ಅವನು ಅಂಥವರನ್ನು ಹುಡುಕಿ, 29ಸಿ ಸ್ವೀಕೃತಿಯನ್ನು ವಾಟ್ಸ್ಯಾಪಿನಲ್ಲಿ ನನಗೆ ಕಳಿಸಿ, ಆಮೇಲೆ ಗಾಡಿ ಬಿಟ್ಟು ಬಂದ.