ತಾಪಮಾನ ಇಳಿಯುತ್ತಿದ್ದ ರಾತ್ರಿ

ನೈಟ್ರಿಕ್ ಆಸಿಡ್ ಬಳಸಿ ರಾಸಾಯನಿಕ ತಯಾರಿಸುವ ನೈಟ್ರೇಶನ್ ಪ್ಲಾಂಟಿಗೆ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಮೊದಲ ವಾರದಲ್ಲೇ ಕಲಿಸುವುದು ರಿಯಾಕ್ಟರಿನ ತಾಪಮಾನ ಏರಿದರೆ ಏನು ಮಾಡಬೇಕು ಎಂಬುದನ್ನು. ಡೋಸಿಂಗ್, ಅಂದರೆ ಆಸಿಡ್ ಬಿಡುವುದನ್ನು, ನಿಲ್ಲಿಸಬೇಕು, ರಿಯಾಕ್ಟರಿನ ಸುತ್ತಲಿನ ಜಾಕೆಟ್ಟಿಗೆ ಬ್ರೈನ್, ಅಂದರೆ ತಣ್ಣಗಿನ ಉಪ್ಪುನೀರು, ಪೂರ್ತಿ ಬಿಡಬೇಕು, ಟ್ರಿಪ್ ಮಿತಿ ದಾಟಿದರೆ ಯಾರ ಅಪ್ಪಣೆಗೂ ಕಾಯದೆ ಎಲ್ಲವನ್ನೂ ನೀರು ತುಂಬಿದ ಡ್ರೌನಿಂಗ್ ಟ್ಯಾಂಕಿಗೆ ಡಂಪ್ ಮಾಡಬೇಕು. ಇದಿಷ್ಟೂ ನಮಗೆ ಬಾಯಿಪಾಠವಾಗಿತ್ತು. ಆದರೆ ಕಾರಣವಿಲ್ಲದೆ ತಾಪಮಾನ ಇಳಿಯತೊಡಗಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಶಾಖ ಹುಟ್ಟಿಸುವ ಕ್ರಿಯೆಯೊಂದು ನಡೆಯುತ್ತಿರುವಾಗ ಶಾಖ ಕಡಿಮೆಯಾದರೆ, ಅದು ಸಮಾಧಾನಪಡುವ ಸಂಗತಿಯಲ್ಲ, ಎದ್ದು ಓಡಬೇಕಾದ ಸಂಗತಿ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ಆ ಊರು ಕಾರ್ಖಾನೆಯಿಂದಲೇ ಹುಟ್ಟಿಕೊಂಡದ್ದು. ಪಾಳಿಯ ಸೈರನ್ನೇ ಅಲ್ಲಿನ ಗಡಿಯಾರ. ಕ್ವಾರ್ಟರ್ಸಿನ ಹಿಂದಿನ ಗೋಡೆ ದಾಟಿದರೆ ಟ್ಯಾಂಕ್ ಫಾರ್ಮು, ಅದನ್ನು ದಾಟಿದರೆ ನಮ್ಮ ಪ್ಲಾಂಟು. ಚಿಮಣಿಯಿಂದ ಕಂದು ಹೊಗೆ ಎದ್ದರೆ ನೈಟ್ರೇಶನ್‌ನಲ್ಲಿ ಏನೋ ಎಡವಟ್ಟಾಗಿದೆ ಎಂಬುದನ್ನು ಶಾಲೆಗೆ ಹೋಗುವ ಮಕ್ಕಳೂ ಹೇಳುತ್ತಿದ್ದರು. ಪ್ಯಾನೆಲ್ ಮುಂದೆ ಕೂತವರು ಯಾವ ಗುಂಡಿ ಒತ್ತಿದರೂ ಅದರ ಫಲ ಆ ಗೋಡೆಯಾಚೆ ಮಲಗಿರುವ ಅವರ ಮನೆಯವರಿಗೇ ತಟ್ಟುತ್ತಿತ್ತು. ಬೇರೆ ಊರಿನಿಂದ ಕಾರಿನಲ್ಲಿ ಬಂದು ಸಂಜೆ ಹಿಂದಿರುಗುತ್ತಿದ್ದ ಅಧಿಕಾರಿಗಳಿಗೂ ನಮಗೂ ಇದ್ದ ಅಂತರ ಇದು. ಕೊನೆಯವರೆಗೂ ಆ ಅಂತರ ಹಾಗೆಯೇ ಉಳಿಯಿತು.

ಆ ರಾತ್ರಿ ನಡೆಯುತ್ತಿದ್ದುದು ಕ್ಲೋರೋಬೆಂಜೀನ್ ಬ್ಯಾಚು. ರಿಯಾಕ್ಟರಿನಲ್ಲಿ ಕ್ಲೋರೋಬೆಂಜೀನ್ ಇರುತ್ತದೆ, ಮೇಲಿನ ಹೆಡ್ ಟ್ಯಾಂಕಿನಿಂದ ಮಿಕ್ಸ್ಡ್ ಆಸಿಡ್ (ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್‌ಗಳ ಮಿಶ್ರಣ) ನಿಧಾನವಾಗಿ ಇಳಿಯುತ್ತದೆ, 50 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಈ ಎರಡು ದ್ರವಗಳು ತಾವಾಗಿ ಬೆರೆಯುವಂಥವಲ್ಲ. ಅಜಿಟೇಟರ್ ಬಲವಾಗಿ ಕಲಕುತ್ತಿರುವವರೆಗೆ ಒಂದರೊಳಗೊಂದು ಹನಿಹನಿಯಾಗಿ ಸೇರಿಕೊಂಡು ಕ್ರಿಯೆ ನಡೆಯುತ್ತದೆ, ಕಲಕುವುದು ನಿಂತ ಕೂಡಲೇ ಎಣ್ಣೆ ನೀರು ಬೇರ್ಪಟ್ಟಂತೆ ಭಾರವಾದ ಆಸಿಡ್ ತಳಕ್ಕಿಳಿದು ಕ್ಲೋರೋಬೆಂಜೀನ್ ಮೇಲೆ ನಿಲ್ಲುತ್ತದೆ. ಆಗ ಎರಡೂ ಪದರಗಳು ಸಂಧಿಸುವ ತೆಳುವಾದ ಜಾಗದಲ್ಲಿ ಮಾತ್ರ ಕ್ರಿಯೆ ನಡೆಯುತ್ತದೆ, ಉಳಿದದ್ದೆಲ್ಲ ಹಾಗೆಯೇ ಕಾಯುತ್ತಾ ಕೂರುತ್ತದೆ. ಡೋಸಿಂಗ್ ನಡೆಯುತ್ತಲೇ ಇದ್ದರೆ ಕಾಯುವುದರ ಪ್ರಮಾಣ ಹೆಚ್ಚುತ್ತಾ ಹೋಗುತ್ತದೆ.

ಬ್ಯಾಚು ಅರ್ಧ ದಾಟಿದ ಮೇಲೆ ಟ್ರೆಂಡ್ ಗೆರೆ ಕೆಳಮುಖವಾಯಿತು. 50 ಇದ್ದದ್ದು 48 ಆಯಿತು, ಸ್ವಲ್ಪ ಹೊತ್ತಿಗೆ 46. ಕಂಟ್ರೋಲರ್ ತನ್ನ ಪಾಡಿಗೆ ಬ್ರೈನ್ ವಾಲ್ವನ್ನು ಮುಚ್ಚುತ್ತಾ ಬಂತು. ಅದಕ್ಕೆ ಹಿಂದಿನ ಪಾಳಿಗಳಲ್ಲಿ ಬ್ರೈನ್ ಸಾಲದೆ ಎಲ್ಲರೂ ಒದ್ದಾಡಿದ್ದರು. ಬ್ರೈನನ್ನು ತಣ್ಣಗಾಗಿಸುವ ಚಿಲ್ಲರ್‌ನ ಒಂದು ಕಂಪ್ರೆಸರ್ ರಿಪೇರಿಯಲ್ಲಿತ್ತು, ಡೋಸಿಂಗ್ ತಗ್ಗಿಸಿ ತಗ್ಗಿಸಿ ಬ್ಯಾಚು ತುಂಬ ಹಿಂದೆ ಬಿದ್ದಿತ್ತು. ಹಾಗಾಗಿ ಇಳಿಯುವ ಗೆರೆಯನ್ನು ಕಂಡಾಗ ಶಿಫ್ಟ್ ಇನ್‌ಚಾರ್ಜ್ ಆಗಿದ್ದ ನನಗೂ, ಪ್ಯಾನೆಲ್ ಆಪರೇಟರಿಗೂ ತೋಚಿದ್ದು ಒಂದೇ: ಚಿಲ್ಲರ್ ನೋಡಿಕೊಳ್ಳುವ ಯುಟಿಲಿಟಿಯವರು ಕೊನೆಗೂ ಎರಡನೇ ಕಂಪ್ರೆಸರ್ ಓಡಿಸಿದ್ದಾರೆ. ಯುಟಿಲಿಟಿಗೆ ಒಂದು ಫೋನ್ ಮಾಡಿದ್ದರೆ ಅದು ನಿಜವಲ್ಲವೆಂದು ಗೊತ್ತಾಗುತ್ತಿತ್ತು. "ಸಾರ್, ಟೆಂಪರೇಚರ್ ಚೆನ್ನಾಗಿದೆ, ಡೋಸಿಂಗ್ ಸ್ವಲ್ಪ ಏರಿಸ್ಲಾ?" ಎಂದು ಆತ ಕೇಳಿದ. ಏರಿಸು ಎಂದೆ.

ಆ ಒಪ್ಪಿಗೆಯ ಹಿಂದಿದ್ದ ತರ್ಕವನ್ನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಅದರಲ್ಲಿ ಅವಸರ ಇರಲಿಲ್ಲ, ಉಡಾಫೆಯೂ ಇರಲಿಲ್ಲ. ಪರದೆಯ ಮೇಲೆ ಅಜಿಟೇಟರ್ ಹಸಿರಾಗಿತ್ತು, ತಾಪಮಾನ ಮಿತಿಯೊಳಗಿತ್ತು, ಒಂದೂ ಅಲಾರ್ಮ್ ಇರಲಿಲ್ಲ. ಒಂದು ಮೂಲೆಯಲ್ಲಿ ಮೋಟರಿನ ಆಂಪಿಯರ್ ಮಾತ್ರ ಎಂದಿನ ಅರ್ಧಕ್ಕೆ ಇಳಿದಿತ್ತು. ಆ ಅಂಕಿ ಎಷ್ಟು ಚಿಕ್ಕ ಅಕ್ಷರದಲ್ಲಿತ್ತೆಂದರೆ, ಅದನ್ನು ನೋಡಬೇಕೆಂದು ಹೊರಟವರಿಗೆ ಮಾತ್ರ ಕಾಣುತ್ತಿತ್ತು.

ಪ್ಲಾಂಟನ್ನು ಉಳಿಸಿದವರು ಆ ರಾತ್ರಿಯ ಫೀಲ್ಡ್ ಆಪರೇಟರ್. ವಯಸ್ಸಿನಲ್ಲಿ ನನ್ನ ತಂದೆಗೆ ಸಮೀಪದವರು, ಮಾತು ಕಡಿಮೆ. ರೌಂಡ್ಸ್ ಮುಗಿಸಿ ಇಳಿಯುತ್ತಿದ್ದವರು ಗೇರ್‌ಬಾಕ್ಸಿನ ಸದ್ದು ಹಗುರವಾಗಿದೆ ಎನ್ನಿಸಿ ಮತ್ತೆ ಮೆಟ್ಟಿಲು ಹತ್ತಿದ್ದಾರೆ. ಟಾರ್ಚ್ ಹಿಡಿದು ಗೇರ್‌ಬಾಕ್ಸಿಗೂ ಸೀಲಿಗೂ ನಡುವಿನ ಜಾಗ ನೋಡಿದ್ದಾರೆ. ಮೇಲೆ ಮೋಟರಿನ ಫ್ಯಾನ್ ಬಿರುಸಾಗಿ ತಿರುಗುತ್ತಿತ್ತು, ಕೆಳಗೆ ಶಾಫ್ಟಿನ ಮೇಲೆ ಯಾವ ಕಾಲದಲ್ಲೋ ಎಳೆದಿದ್ದ ಹಳದಿ ಬಣ್ಣದ ಗೆರೆ ಅಲುಗಾಡದೆ ನಿಂತಿತ್ತು. ವಾಕಿಟಾಕಿಯಲ್ಲಿ ಬಂದದ್ದು ಇಷ್ಟೇ: "ಸಾರ್, ಮೊದ್ಲು ಡೋಸಿಂಗ್ ನಿಲ್ಸಿ. ಮೋಟರ್ ಓಡ್ತಾ ಇದೆ, ಶಾಫ್ಟ್ ನಿಂತಿದೆ."

ಡೋಸಿಂಗ್ ನಿಲ್ಲಿಸಿದೆವು, ಬ್ರೈನ್ ವಾಲ್ವನ್ನು ಮ್ಯಾನ್ಯುಯಲ್‌ಗೆ ಹಾಕಿ ಪೂರ್ತಿ ತೆರೆದೆವು. ಆಂಪಿಯರ್ ಟ್ರೆಂಡನ್ನು ಹಿಂದಕ್ಕೆ ಎಳೆದು ನೋಡಿದಾಗ ಅಜಿಟೇಟರ್ ನಿಂತು ಇಪ್ಪತ್ತೈದು ನಿಮಿಷದ ಮೇಲಾಗಿತ್ತು. ಅಷ್ಟೂ ಹೊತ್ತು ಇಳಿದ ಆಸಿಡ್, ನಾವಾಗಿಯೇ ಹೆಚ್ಚಿಸಿದ ಪ್ರಮಾಣವೂ ಸೇರಿ, ತಳದಲ್ಲಿ ಕೂತಿತ್ತು.

ನಿಜವಾದ ಅಪಾಯ ಶುರುವಾದದ್ದು ಇದಾದ ಮೇಲೆ. ಪಾಳಿಯ ಫಿಟ್ಟರ್ ಬಹಳ ಚುರುಕಿನ ಹುಡುಗ, ಕರೆದ ಕೂಡಲೇ ಬಂದು ಗಾರ್ಡ್ ಬಿಚ್ಚಿ ನೋಡಿದ. "ಕಪ್ಲಿಂಗ್ ಕೀ ಕತ್ತರಿಸಿಹೋಗಿದೆ ಸಾರ್. ಸ್ಟೋರಲ್ಲಿ ಇದೆ, ಹದಿನೈದು ನಿಮಿಷದಲ್ಲಿ ಹಾಕಿ ಓಡಿಸಿಬಿಡ್ತೀನಿ" ಎಂದ. ಮೋಟರಿನ ತಿರುಗುವಿಕೆಯನ್ನು ಶಾಫ್ಟಿಗೆ ದಾಟಿಸುವ ಸಣ್ಣ ಲೋಹದ ತುಂಡು ಅದು. ಅಷ್ಟರಲ್ಲಿ ಮನೆಯಿಂದ ಫೋನಿಗೆ ಬಂದ ಮೇಲಧಿಕಾರಿಯದೂ ಅದೇ ಮಾತು: ರಿಪೇರಿ ಮುಗಿದರೆ ಸ್ಟಾರ್ಟ್ ಮಾಡಿ, ಬ್ಯಾಚ್ ಉಳಿಸಿಕೊಳ್ಳಿ. ಇಬ್ಬರ ಉದ್ದೇಶವೂ ಒಳ್ಳೆಯದೇ. ಕೆಟ್ಟದ್ದನ್ನು ಬೇಗ ಸರಿಪಡಿಸುವುದೇ ನಮ್ಮೆಲ್ಲರ ಅಭ್ಯಾಸ, ಅದಕ್ಕೇ ನಮಗೆ ಶಹಬಾಸ್‌ಗಿರಿ ಸಿಗುತ್ತಿದ್ದುದು. ಆದರೆ ಆ ಹೊತ್ತಿನಲ್ಲಿ ಅಜಿಟೇಟರ್ ತಿರುಗಿದ್ದರೆ, ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ನಡೆಯಬೇಕಿದ್ದ ಕ್ರಿಯೆ ಕೆಲವೇ ಕ್ಷಣಗಳಲ್ಲಿ ನಡೆದು, ಯಾವ ಜಾಕೆಟ್ಟೂ ಹೊರತೆಗೆಯಲಾಗದಷ್ಟು ಶಾಖ ಒಮ್ಮೆಗೇ ಹುಟ್ಟುತ್ತಿತ್ತು. ಶಾಖ ಏರಿದರೆ ಎರಡನೇ ಸಲ ನೈಟ್ರೇಶನ್ ನಡೆದು ಡೈನೈಟ್ರೋ ಆಗುತ್ತದೆ, ಇನ್ನೂ ಏರಿದರೆ ಉತ್ಪನ್ನವೇ ವಿಘಟನೆಯಾಗಿ ಅನಿಲ ಬಿಡುತ್ತದೆ. ಆಮೇಲೆ ಒತ್ತಡ ಮೀರಿದಾಗ ಒಡೆಯಲೆಂದೇ ಇಟ್ಟ ರಪ್ಚರ್ ಡಿಸ್ಕ್ ಒಡೆದರೂ ಸಾಲುವುದಿಲ್ಲ. ಮೇಲಿನಿಂದ ಇಳಿದು ಬಂದ ಹಿರಿಯರು ಫಿಟ್ಟರನ ಕೈಯಲ್ಲಿದ್ದ ಸ್ಪ್ಯಾನರ್ ಹಿಡಿದುಕೊಂಡು, "ಈಗ ಅದನ್ನ ತಿರುಗಿಸಿದ್ರೆ ಮುಚ್ಚಳ ಉಳಿಯಲ್ಲ ಕಣಪ್ಪ" ಎಂದರು.

ನಾನು ಮೋಟರುಗಳ ವಿದ್ಯುತ್ ನಿಯಂತ್ರಿಸುವ ಎಂಸಿಸಿಗೆ ಫೋನ್ ಮಾಡಿ ಮೋಟರನ್ನು ಐಸೊಲೇಟ್ ಮಾಡಿಸಿ, ಬೀಗ ಹಾಕಿಸಿ, ಕೀಲಿಯನ್ನು ತರಿಸಿ ಜೇಬಿನಲ್ಲಿಟ್ಟುಕೊಂಡೆ. ಫೋನಿನಲ್ಲಿದ್ದ ಮೇಲಧಿಕಾರಿಗೆ ಬ್ಯಾಚು ಹೋಯಿತೆಂದು ಹೇಳಿದೆ. ಅವರು ಒಪ್ಪಲು ತೆಗೆದುಕೊಂಡ ಸಮಯದಲ್ಲಿ ನಾನು ಕಿಟಕಿಯಾಚೆ ವಿಂಡ್‌ಸಾಕ್ ನೋಡುತ್ತಿದ್ದೆ. ಗಾಳಿ ಕ್ವಾರ್ಟರ್ಸ್ ಕಡೆಗೇ ಬೀಸುತ್ತಿತ್ತು.

ಮುಂದಿನ ಕೆಲಸ ನಿಧಾನದ್ದು. ಕಲಕದೆ ನಿಂತ ರಿಯಾಕ್ಟರಿನಲ್ಲಿ ಥರ್ಮೋವೆಲ್ ತನ್ನ ಸುತ್ತಲಿನ ದ್ರವದ ತಾಪಮಾನವನ್ನಷ್ಟೇ ಹೇಳುತ್ತದೆ, ಪದರಗಳ ನಡುವೆ ಏನಾಗುತ್ತಿದೆ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಅಂಕಿ ನೋಡಿಕೊಂಡು ಕಾಯುವುದರಲ್ಲಿ ಅರ್ಥವಿರಲಿಲ್ಲ. ಎರಡನ್ನೂ ಬೇರೆ ಮಾಡುವುದೊಂದೇ ದಾರಿಯಾಗಿತ್ತು. ಆಸಿಡ್ ತಳದಲ್ಲಿದ್ದುದು ಅದಕ್ಕೆ ಅನುಕೂಲವೇ ಆಯಿತು. ಬಾಟಮ್ ವಾಲ್ವನ್ನು ಸ್ವಲ್ಪವೇ ತೆರೆದು, ಡ್ರೌನಿಂಗ್ ಟ್ಯಾಂಕಿನ ನೀರಿಗೆ ಅದನ್ನು ಇಳಿಸುತ್ತಾ, ಆ ಟ್ಯಾಂಕಿನ ತಾಪಮಾನ ಏರಿದಾಗ ನಿಲ್ಲಿಸುತ್ತಾ, ಮತ್ತೆ ತೆರೆಯುತ್ತಾ ಹೋದೆವು. ಹಿರಿಯರು ಸೈಟ್ ಗ್ಲಾಸಿನ ಮುಂದೆ ಫುಲ್ ಸೂಟ್ ಹಾಕಿಕೊಂಡು ನಿಂತಿದ್ದರು. ಗಾಜಿನಲ್ಲಿ ಹಾದುಹೋಗುತ್ತಿದ್ದ ದ್ರವದ ಬಣ್ಣ ಬದಲಾದ ಕ್ಷಣದಲ್ಲಿ ಅವರು ಕೈ ಎತ್ತಿದರು, ವಾಲ್ವ್ ಮುಚ್ಚಿತು. ಬೆಳಗಿನ ಪಾಳಿಯ ಸೈರನ್ ಆಗುವ ಹೊತ್ತಿಗೆ ರಿಯಾಕ್ಟರಿನಲ್ಲಿ ಉಳಿದದ್ದು ಮೇಲಿನ ಪದರ ಮಾತ್ರ.

ವಿಚಾರಣೆ ನಡೆಯಿತು. ವರದಿಯಲ್ಲಿ ಮೂಲ ಕಾರಣವೆಂದು ಬರೆದದ್ದು ಕೀ ಕತ್ತರಿಸಿಹೋದದ್ದನ್ನು. ನನ್ನ ತಕರಾರು ಇದ್ದುದು ಅಲ್ಲೇ. ಕೀ ಯಾವತ್ತಾದರೂ ಕತ್ತರಿಸಿಹೋಗುತ್ತದೆ. ಅದು ಕತ್ತರಿಸಿಹೋದಾಗ ಪರದೆ ಹಸಿರು ತೋರಿಸಿದ್ದು ಏಕೆ ಎಂಬುದು ಕೇಳಬೇಕಾದ ಪ್ರಶ್ನೆ. ಆ ಹಸಿರು ಮೋಟರಿಗೆ ಕರೆಂಟ್ ಹೋಗುತ್ತಿದೆ ಎಂಬುದನ್ನಷ್ಟೇ ಹೇಳುತ್ತಿತ್ತು. ರಿಯಾಕ್ಟರಿನ ಒಳಗೆ ದ್ರವ ಕಲಕುತ್ತಿದೆ ಎಂದು ಅದಕ್ಕೆ ಅರ್ಥ ಕೊಟ್ಟವರು ನಾವು. ಲೋ ಆಂಪಿಯರ್ ಅಲಾರ್ಮ್ ಮೊದಲು ಇತ್ತು. ಚಾರ್ಜಿಂಗ್ ವೇಳೆಯಲ್ಲಿ ಸುಮ್ಮಸುಮ್ಮನೆ ಬಡಿದುಕೊಳ್ಳುತ್ತದೆಂದು ಅದನ್ನು ಇನ್ಹಿಬಿಟ್ ಮಾಡಿದ್ದರು, ಮತ್ತೆ ಯಾರೂ ಎಬ್ಬಿಸಿರಲಿಲ್ಲ. ಶಾಫ್ಟ್ ತಿರುಗುತ್ತಿದೆಯೇ ಎಂದು ನೇರವಾಗಿ ನೋಡುವ ಸ್ಪೀಡ್ ಸ್ವಿಚ್ ಬೇಕೆಂದು ನಮ್ಮ ಪ್ಲಾಂಟಿನಿಂದ ಹೋಗಿದ್ದ ಕಾಗದ ಬಜೆಟ್ಟಿನ ಕಡತದಲ್ಲಿತ್ತು.

ಆಮೇಲೆ ಸುರಕ್ಷತೆಯ ಕುರಿತು ಓದತೊಡಗಿದಾಗ, ನಮಗಾದದ್ದು ಹೊಸದೇನಲ್ಲ ಎಂಬುದು ತಿಳಿದು ಸಂಕಟವಾಯಿತು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ರಿಲೀಫ್ ವಾಲ್ವೊಂದು ತೆರೆದೇ ಸಿಕ್ಕಿಕೊಂಡಿತ್ತು. ಪ್ಯಾನೆಲ್ ದೀಪ ಹೇಳುತ್ತಿದ್ದುದು ಮುಚ್ಚುವ ಆದೇಶ ಹೋಗಿದೆ ಎಂಬುದನ್ನು, ಅಲ್ಲಿದ್ದವರು ಓದಿಕೊಂಡದ್ದು ವಾಲ್ವ್ ಮುಚ್ಚಿದೆ ಎಂದು. ಎರಡು ಗಂಟೆಗೂ ಹೆಚ್ಚು ಕಾಲ ರಿಯಾಕ್ಟರನ್ನು ತಣ್ಣಗಿಡುವ ನೀರು ಹರಿದುಹೋಯಿತು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ ಟವರಿನೊಳಗೆ ದ್ರವ ಸುಮಾರು 158 ಅಡಿ ಏರಿದ್ದಾಗ ಲೆವೆಲ್ ಟ್ರಾನ್ಸ್‌ಮಿಟರ್ ಒಂಬತ್ತು ಅಡಿಗಿಂತ ಕಡಿಮೆ ತೋರಿಸುತ್ತಿತ್ತು, ಅದೂ ನಿಧಾನವಾಗಿ ಇಳಿಯುತ್ತಾ. ಅಂದು 15 ಜನ ಸತ್ತರು, 180 ಜನ ಗಾಯಗೊಂಡರು. ಆ ಇಳಿಯುವ ಗೆರೆಯ ಮುಂದೆ ಕೂತವರ ನಿಶ್ಚಿಂತೆ ಎಂಥದ್ದೆಂದು ನನಗೆ ಗೊತ್ತು.

ಭೋಪಾಲದ ವಿವರವನ್ನು ಓದುವುದು ಎಲ್ಲಕ್ಕಿಂತ ಕಷ್ಟ. 1984ರ ಡಿಸೆಂಬರ್ 2ರ ರಾತ್ರಿ ಪಾಳಿ ಬದಲಾಗುವ ಹೊತ್ತಿನಲ್ಲಿ ಎಂಐಸಿ (ಮೀಥೈಲ್ ಐಸೋಸಯನೇಟ್ ಎಂಬ ವಿಷ ರಾಸಾಯನಿಕ) ಟ್ಯಾಂಕಿನ ಒತ್ತಡ 2 ಪಿಎಸ್‌ಐನಿಂದ 10ಕ್ಕೆ ಏರಿತ್ತು. 25ರವರೆಗೆ ಸಾಮಾನ್ಯವೆಂದು ಎಣಿಸುತ್ತಿದ್ದುದರಿಂದ 10 ಯಾರನ್ನೂ ಬೆಚ್ಚಿಬೀಳಿಸಲಿಲ್ಲ. ಮಿತಿಯೊಳಗಿದೆ ಎಂಬುದು ಒಂದು ಮಾತು, ಕಾರಣವಿಲ್ಲದೆ ಐದು ಪಟ್ಟಾಗಿದೆ ಎಂಬುದು ಬೇರೆಯೇ ಮಾತು. ಟ್ಯಾಂಕನ್ನು ತಣ್ಣಗಿಡಬೇಕಿದ್ದ ರೆಫ್ರಿಜರೇಶನ್ ಅನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅಲ್ಲೂ ಗೋಡೆಯಾಚೆಯೇ ಜನ ಮಲಗಿದ್ದರು.

ನಮ್ಮ ಪಾಳಿಯಲ್ಲಿ ಅಂದಿನಿಂದ ಲಾಗ್‌ಬುಕ್ಕಿನ ಬರವಣಿಗೆಯ ರೀತಿ ಬದಲಾಯಿತು. "ತಾಪಮಾನ ನಾರ್ಮಲ್" ಎಂದು ಬರೆಯುವುದನ್ನು ನಾನು ಬಿಡಿಸಿದೆ. ಎಷ್ಟಿತ್ತು, ಎಷ್ಟಾಯಿತು, ಏಕೆ ಬದಲಾಯಿತು ಎಂಬ ಮೂರನ್ನೂ ಬರೆಯಬೇಕು; ಏಕೆ ಎಂಬುದು ಗೊತ್ತಿಲ್ಲದಿದ್ದರೆ ಹಾಗೆಂದೇ ಬರೆದು ಡೋಸಿಂಗ್ ನಿಲ್ಲಿಸಬೇಕು. ಇದರಿಂದ ಉತ್ಪಾದನೆ ಕುಂಠಿತವಾಗುತ್ತದೆಂದು ಜನರಲ್ ಶಿಫ್ಟಿನ ಮೀಟಿಂಗಿನಲ್ಲಿ ಮಾತು ಬಂದಾಗಲೆಲ್ಲ, ಆ ಬ್ಯಾಚಿನ ಟ್ರೆಂಡ್ ಪ್ರತಿಯನ್ನು ಮೇಜಿನ ಮೇಲಿಟ್ಟು, ಡೋಸಿಂಗ್ ಏರಿಸಿದ ಬಿಂದುವಿನ ಮೇಲೆ ಬೆರಳಿಡುತ್ತಿದ್ದೆ. ರೌಂಡ್ಸ್ ಚೀಟಿಯಲ್ಲಿ ಶಾಫ್ಟನ್ನು ಕಣ್ಣಾರೆ ನೋಡಿದ್ದಕ್ಕೆ ಪ್ರತ್ಯೇಕ ಕಾಲಂ ಬಂತು, ಎಲ್ಲ ಅಜಿಟೇಟರ್ ಶಾಫ್ಟುಗಳಿಗೂ ಹಳದಿ ಗೆರೆ ಹೊಡೆಸಿದೆವು. ಅಜಿಟೇಟರ್ ನಿಂತ ಮೇಲೆ ಪ್ಲಾಂಟ್ ಮ್ಯಾನೇಜರ್ ಮತ್ತು ಲ್ಯಾಬಿನವರ ಸಹಿಯಿಲ್ಲದೆ ಮತ್ತೆ ಸ್ಟಾರ್ಟ್ ಮಾಡಬಾರದೆಂಬ ನಿಯಮವನ್ನು ಎಸ್‌ಒಪಿಗೆ (ಲಿಖಿತ ಕಾರ್ಯವಿಧಾನಕ್ಕೆ) ಸೇರಿಸಲು ಮಾತ್ರ ತುಂಬಾ ಜಗಳವಾಡಬೇಕಾಯಿತು. ಬೇಗ ಓಡಿಸುವುದೇ ಜಾಣತನ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿತ್ತು. ಹಿರಿಯ ಆಪರೇಟರಿಗೆ ಸಿಕ್ಕಿದ್ದು ಒಂದು ಪ್ರಶಂಸಾಪತ್ರ. ಅದರಲ್ಲಿ ಅವರು ಮಾಡಿದ ಕೆಲಸ ಏನೆಂಬುದನ್ನೇ ಬರೆದಿರಲಿಲ್ಲ.

ಆ ರಿಯಾಕ್ಟರಿಗೆ ಸ್ಪೀಡ್ ಸ್ವಿಚ್ ಬಂತು, ಅದನ್ನು ಡೋಸಿಂಗ್ ವಾಲ್ವಿಗೆ ಇಂಟರ್‌ಲಾಕ್ ಮಾಡಿದರು. ಪಕ್ಕದ ರಿಯಾಕ್ಟರಿನಲ್ಲೂ ಅದೇ ಕ್ರಿಯೆ, ಅದೇ ಮಾದರಿಯ ಕಪ್ಲಿಂಗ್, ಅಲ್ಲಿಗೂ ಹಾಕಿ ಎಂದು ಮತ್ತೆ ಮತ್ತೆ ಬರೆದೆ. ಅಲ್ಲಿ ಇನ್ನೂ ಅವಘಡ ಆಗಿಲ್ಲವೆಂಬ ಉತ್ತರ ಬರುತ್ತಿತ್ತು. ನಾನು ಆ ಕೆಲಸ ಬಿಡುವಾಗಲೂ ಅದರ ಶಾಫ್ಟನ್ನು ಪಾಳಿಯವರು ಟಾರ್ಚ್ ಹಿಡಿದೇ ನೋಡುತ್ತಿದ್ದರು.