ಬೆವರು ಆರದ ಊರಿನಲ್ಲಿ

ಕಳೆದ ಏಪ್ರಿಲ್‌ನಲ್ಲಿ ಮಂಗಳೂರಿನ ನಮ್ಮ ಮನೆಯ ಹಿತ್ತಲಿಗೆ ಕೆಂಪುಕಲ್ಲಿನ ಗೋಡೆ ಕಟ್ಟಿಸುತ್ತಿದ್ದಾಗ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬ ಹನ್ನೊಂದು ಗಂಟೆಯ ಹೊತ್ತಿಗೆ ತಲೆಸುತ್ತಿ ಕುಸಿದು ಕುಳಿತ. ಜಗಲಿಯ ಉಷ್ಣಮಾಪಕ 34 ಡಿಗ್ರಿ ತೋರಿಸುತ್ತಿತ್ತು. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಸೀಮೆಯವನಿಗೆ ಇಲ್ಲಿ ಹೀಗೇಕಾಯಿತೆಂದು ಕೇಳಿದೆ. “ನಮ್ಮ ಕಡಿ ಬಿಸಲು ಇದಕ್ಕಿಂತ ಭಾಳ ಅದರಿ, ಆದ್ರ ಅಲ್ಲಿ ಬೆವರು ಆರ್ತದ, ಇಲ್ಲಿ ಸುಮ್ನ ಹರೀತದ್ರಿ” ಎಂದ.

ಅವನ ಮಾತಿನಲ್ಲಿ ಇಡೀ ವಿಷಯವಿತ್ತು. ಬೆವರು ಸುರಿದ ಮಾತ್ರಕ್ಕೆ ಮೈ ತಣಿಯುವುದಿಲ್ಲ. ಅದು ಆವಿಯಾಗುವಾಗ ಚರ್ಮದ ಶಾಖವನ್ನು ಹೊತ್ತೊಯ್ಯಬೇಕು. ಗಾಳಿಯೇ ತೇವದಿಂದ ತುಂಬಿದ್ದರೆ ದೇಹವು ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆಯೇ ಹೊರತು ಒಳಗಿನ ಕಾವು ಇಳಿಯುವುದಿಲ್ಲ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಲು ಬಿಟ್ಟರೆ ಸಿಗುವ ಅಂಕಿ ಈ ವ್ಯತ್ಯಾಸವನ್ನು ತೋರಿಸುತ್ತದೆ. 42 ಡಿಗ್ರಿ ಬಿಸಿಯೊಂದಿಗೆ ಶೇ. 20ರಷ್ಟು ಆರ್ದ್ರತೆಯಿದ್ದರೆ ಆ ಅಂಕಿ ಸುಮಾರು 24. 34 ಡಿಗ್ರಿಯೊಂದಿಗೆ ಶೇ. 70ರಷ್ಟಿದ್ದರೆ ಸುಮಾರು 29. ಅದು 35ನ್ನು ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಹೆಚ್ಚು ಹೊತ್ತು ಉಳಿಯಲಾರನೆಂದು ವಿಜ್ಞಾನಿಗಳು 2010ರಲ್ಲಿ ಲೆಕ್ಕ ಹಾಕಿದ್ದರು. ಆಮೇಲೆ ಅಮೆರಿಕದಲ್ಲಿ ಯುವಜನರ ಮೇಲೆ ನಡೆದ ಪ್ರಯೋಗಗಳಲ್ಲಿ, ತೇವದ ಹವೆಯಲ್ಲಿ ಸುಮಾರು 31ಕ್ಕೇ ದೇಹ ಸೋಲತೊಡಗಿತು. ಕಲ್ಲು ಹೊರುವವನ ಮಿತಿ ಅದಕ್ಕಿಂತಲೂ ಕೆಳಗೇ ಇರಬೇಕಲ್ಲವೇ?

ಕರಾವಳಿಯವರಾದ ನಮಗೆ ‘ಬಿಸಿಲು’ ಬೇರೆ, ‘ಸೆಕೆ’ ಬೇರೆ. ಆದರೆ ನಿಯಮಗಳು ಬಿಸಿಲನ್ನಷ್ಟೇ ಬಲ್ಲವು. ಇಲ್ಲಿ ಶಾಖದ ಅಲೆ ಎನ್ನಲು ಉಷ್ಣತೆ 37 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಹವಾಮಾನ ಇಲಾಖೆ ಈಗ ಬಿಸಿ ಮತ್ತು ಆರ್ದ್ರ ಹವೆಯ ಎಚ್ಚರಿಕೆಯನ್ನೂ ಕೊಡುತ್ತಿರುವುದು ಒಳ್ಳೆಯದೇ, ಆದರೆ ಅದನ್ನು ನೋಡಿ ಕೆಲಸದ ವೇಳೆ ಬದಲಿಸಿದ ಗುತ್ತಿಗೆದಾರರನ್ನು ನಾನು ಕಂಡಿಲ್ಲ. ನಮ್ಮೂರಿನ ಎಷ್ಟೋ ಮಂದಿ ದುಡಿಯುವ ಕತಾರ್‌ನಲ್ಲಿ 2021ರಿಂದ, ಬಿಸಿ, ತೇವ, ಬಿಸಿಲು, ಗಾಳಿ ನಾಲ್ಕನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ದಾಟಿದರೆ ಹೊರಗಿನ ಕೆಲಸ ನಿಲ್ಲಿಸಬೇಕೆಂಬ ನಿಯಮವಿದೆ. ಅಲ್ಲಿ ಸಾಧ್ಯವಾದದ್ದನ್ನು ಇಲ್ಲಿ ಕೇಳುವುದು ಅತಿಯಾಸೆಯೆಂದು ನನಗನ್ನಿಸುವುದಿಲ್ಲ.

ಆ ದಿನ ಅವನನ್ನು ಫ್ಯಾನಿನ ಕೆಳಗೆ ಮಲಗಿಸಿ, ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚೇತರಿಸಿಕೊಂಡ ಮೇಲೆ ಉಪ್ಪು ಹಾಕಿದ ಗಂಜಿತಿಳಿ ಕೊಟ್ಟೆವು. ಅವನು ಊರಿನಿಂದ ಬಂದು ನಾಲ್ಕೇ ದಿನವಾಗಿತ್ತೆಂದು ಆಗ ತಿಳಿಯಿತು. ಹೊಸ ಹವೆಗೆ ಮೈ ಒಗ್ಗಲು ಒಂದೆರಡು ವಾರವಾದರೂ ಬೇಕು, ಅದನ್ನು ನಾನು ಮೊದಲೇ ವಿಚಾರಿಸಬೇಕಿತ್ತು. ಮರುದಿನದಿಂದ ಕೆಲಸವನ್ನು ಬೆಳಿಗ್ಗೆ ಆರಕ್ಕೆ ಆರಂಭಿಸಿ ಹತ್ತಕ್ಕೆ ನಿಲ್ಲಿಸಿ, ಸಂಜೆ ನಾಲ್ಕರ ನಂತರ ಮುಂದುವರಿಸಿದರು. ಗೋಡೆ ಮುಗಿಯಲು ಎರಡು ದಿನ ಹೆಚ್ಚು ಹಿಡಿಯಿತು, ಆ ಎರಡು ದಿನಗಳ ಕೂಲಿಯನ್ನೂ ಕೊಟ್ಟೆವು.